ಕಿರುಚಿತ್ರದ ಸ್ಥಳ ಮತ್ತು ಸಜ್ಜಿಕೆ: ಅದೂ ಪಾಠದ ಭಾಗವೇ

ಬೋಧನಾಭ್ಯಾಸಕ್ಕೆ ಹೋದ ಪ್ರೌಢಶಾಲೆಯಲ್ಲಿ, ಫೆಬ್ರವರಿ 28ರ ರಾಷ್ಟ್ರೀಯ ವಿಜ್ಞಾನ ದಿನಕ್ಕಾಗಿ ಒಂಬತ್ತನೇ ತರಗತಿಯ ಮಕ್ಕಳಿಂದ ಐದು ನಿಮಿಷದ ಕಿರುಚಿತ್ರ ಮಾಡಿಸುವ ಹೊಣೆ ನನಗೆ ಬಂತು. ವಿಷಯ: 1928ರಲ್ಲಿ ಕಲ್ಕತ್ತೆಯಲ್ಲಿ ಸಿ.ವಿ. ರಾಮನ್ ಮತ್ತು ಕೆ.ಎಸ್. ಕೃಷ್ಣನ್ ಬೆಳಕಿನ ಚದುರುವಿಕೆಯ ಮೇಲೆ ನಡೆಸಿದ ಪ್ರಯೋಗ. ಕ್ಯಾಮೆರಾ ನನ್ನ ಮೊಬೈಲ್.

ಮೊದಲು ನಾನು ಮಾಡಿದ್ದು ತಪ್ಪು. ಪ್ರಯೋಗಾಲಯದ ದೃಶ್ಯಕ್ಕೆ ಶಾಲೆಯ ಪ್ರಯೋಗಾಲಯವೇ ಸರಿ ಎಂದುಕೊಂಡು, ಶನಿವಾರ ಮಕ್ಕಳು ಮನೆಗೆ ಹೋದ ಮೇಲೆ ಒಬ್ಬಳೇ ಮೇಜು ಜೋಡಿಸಿದೆ. ಸೋಮವಾರ ಒಬ್ಬ ಹುಡುಗಿ ಕೇಳಿದಳು: "ಮೇಡಂ, ಆಗ ಬಾಲ್‌ಪೆನ್ ಇತ್ತಾ?" ನನ್ನಲ್ಲಿ ಉತ್ತರವಿರಲಿಲ್ಲ. ಬದಲಿಗೆ ನಾನೇ ಕೇಳಿದೆ: "ಈ ಕೋಣೆ ಕತ್ತಲಾಗಿರಬೇಕು, ಏಕೆ?" ಸಂಭಾಷಣೆ ಬಾಯಿಪಾಠ ಮಾಡಿದ್ದ ಯಾರೂ ಮಾತಾಡಲಿಲ್ಲ. ಅಂದು ಚಿತ್ರೀಕರಣ ನಿಲ್ಲಿಸಿದೆ.

ಸ್ಥಳದ ಆಯ್ಕೆ

ಸ್ಥಳ ಆರಿಸಲು ಪ್ರಯೋಗ ಅರ್ಥವಾಗಿರಬೇಕು. ನೇರಳೆ ಶೋಧಕದ ಮೂಲಕ ಬಿಸಿಲನ್ನು ದ್ರವಕ್ಕೆ ಹಾಯಿಸಿದಾಗ, ಚದುರಿದ ಬೆಳಕಿನ ಬಹುಪಾಲಿನ ಬಣ್ಣ ಬದಲಾಗುವುದಿಲ್ಲ. ಅತ್ಯಲ್ಪ ಪಾಲು ಮಾತ್ರ ಬದಲಾಗುತ್ತದೆ. ನೇರಳೆಯನ್ನು ತಡೆಯುವ ಎರಡನೇ ಶೋಧಕವಿಟ್ಟರೂ ಆ ಪಾಲು ಮಂದವಾಗಿ ಕಾಣುತ್ತದೆ. ಅಷ್ಟು ಮಂದ ಬೆಳಕನ್ನು ಕಾಣಲು ಕತ್ತಲೆ ಬೇಕು. ಇದು ತಿಳಿದ ಕೂಡಲೇ ಮಕ್ಕಳೇ ಜಾಗ ಹುಡುಕಿದರು: ಪೂರ್ವಕ್ಕೆ ಒಂದೇ ಕಿಟಕಿಯಿದ್ದ, ಮರದ ಬಾಗಿಲಿನ ಹಳೆಯ ಸಾಮಾನು ಕೋಣೆ. ಬೆಳಗಿನ ಬಿಸಿಲು ಓರೆಯಾಗಿ ಒಳಬರುವ ಹೊತ್ತನ್ನು ಎರಡು ದಿನ ಗುರುತು ಹಾಕಿ ನೋಡಿ, ಚಿತ್ರೀಕರಣದ ಸಮಯ ನಿಗದಿ ಮಾಡಿದರು.

ಸಜ್ಜಿಕೆ

ಕಪ್ಪುಹಲಗೆಯ ಮೇಲೆ ಮೂರು ಅಂಕಣ ಬರೆದೆವು: ಇರಲಿ, ತೆಗೆಯೋಣ, ವಿಚಾರಿಸೋಣ. ಕಾರಣ ಹೇಳದೆ ಯಾವ ವಸ್ತುವನ್ನೂ ಅಂಕಣಕ್ಕೆ ಸೇರಿಸುವಂತಿರಲಿಲ್ಲ.

ಬಾಲ್‌ಪೆನ್ ಮಾರುಕಟ್ಟೆಗೆ ಬಂದದ್ದು 1940ರ ದಶಕದಲ್ಲಿ, ಆದ್ದರಿಂದ ಹೊರಗೆ. ಟ್ಯೂಬ್‌ಲೈಟ್ ಮಾರಾಟ ಶುರುವಾದದ್ದು 1938ರಲ್ಲಿ, ಅದೂ ಚೌಕಟ್ಟಿನ ಆಚೆಗೆ. ಗೋಡೆಯ ಕಪ್ಪು ಸ್ವಿಚ್ಚಿನ ಬಗ್ಗೆ ವಾದವೇ ನಡೆಯಿತು. ಬೇಕಲೈಟ್‌ಗೆ 1909ರಲ್ಲೇ ಪೇಟೆಂಟ್ ಸಿಕ್ಕಿತ್ತೆಂದು ತಿಳಿದ ಮೇಲೆ ಅದು ಉಳಿಯಿತು. ಗಾಜಿನ ಫ್ಲಾಸ್ಕ್, ಮಸೂರ, ಮರದ ಬೆಂಚು ಶಾಲೆಯವೇ. ಶಾಯಿ ಪೆನ್ನು ಒಬ್ಬ ಹುಡುಗನ ಅಜ್ಜನ ಪೆಟ್ಟಿಗೆಯಿಂದ ಬಂತು. ಹೊಸದಾಗಿ ಕೊಂಡದ್ದು ಬಣ್ಣದ ಜಿಲೇಟಿನ್ ಕಾಗದ ಮಾತ್ರ.

ರಾಮನ್ ಬಳಸಿದ ದ್ರವಗಳಲ್ಲಿ ಬೆಂಜೀನ್ ಒಂದು. ಅದು ವಿಷಕಾರಿ, ಬೇಗ ಹೊತ್ತಿಕೊಳ್ಳುತ್ತದೆ. ಹಾಗಾಗಿ ನಮ್ಮ ಫ್ಲಾಸ್ಕಿನಲ್ಲಿದ್ದದ್ದು ನೀರು. ಮಸೂರದ ಮೂಲಕ ಸೂರ್ಯನನ್ನು ನೋಡಬಾರದೆಂದು ಮೊದಲೇ ಎಚ್ಚರಿಸಿದ್ದೆ. ಜಿಲೇಟಿನ್ ಕಾಗದ ಬೇಡದ ಬಣ್ಣಗಳನ್ನೂ ಹಾಯಲು ಬಿಡುತ್ತದೆ. ಅದರಲ್ಲಿ ಕಂಡದ್ದನ್ನು ರಾಮನ್ ಪರಿಣಾಮ ಎನ್ನಲಾಗದು. "ಇದು ಅಭಿನಯ, ಪ್ರಯೋಗವಲ್ಲ" ಎಂದು ಚಿತ್ರದ ಆರಂಭದಲ್ಲೇ ಬರೆದೆವು. ಸಜ್ಜಿಕೆ ನಿಜದಂತೆ ಕಂಡಷ್ಟೂ ಈ ಮಾತು ಹೇಳುವುದು ಅಗತ್ಯ.

ಕಲಿತದ್ದು

ಎರಡು ಅವಧಿಯ ಕೆಲಸಕ್ಕೆ ಐದು ಅವಧಿ ಹಿಡಿಯಿತು. ಮಾರ್ಗದರ್ಶಕ ಶಿಕ್ಷಕರು ಇದನ್ನು ಕೊರತೆಯೆಂದೇ ದಾಖಲಿಸಿದರು, ಅದು ನ್ಯಾಯವೇ. ಆದರೆ ಪ್ರದರ್ಶನದ ದಿನ ಎಂಟನೇ ತರಗತಿಯ ಹುಡುಗನೊಬ್ಬ "ಕೋಣೆ ಯಾಕೆ ಇಷ್ಟು ಕತ್ತಲು?" ಎಂದಾಗ ಎದ್ದು ವಿವರಿಸಿದವಳು ಬಾಲ್‌ಪೆನ್ನಿನ ಪ್ರಶ್ನೆ ಕೇಳಿದ ಹುಡುಗಿ. ಚಿತ್ರದಲ್ಲಿ ಅವಳಿಗೆ ಪಾತ್ರವೇ ಇರಲಿಲ್ಲ.

ಸಹ ಪ್ರಶಿಕ್ಷಣಾರ್ಥಿಗಳಿಗೆ ನನ್ನ ಸಲಹೆ ಇಷ್ಟೇ: ಸಂಭಾಷಣೆ ಬರೆಯುವ ಮುನ್ನವೇ ಮಕ್ಕಳೊಡನೆ ಸ್ಥಳ ನೋಡಿ, ಸಜ್ಜಿಕೆಗೆ ಪಾಠಯೋಜನೆಯಲ್ಲೇ ಎರಡು ಅವಧಿ ಮೀಸಲಿಡಿ, ಮೇಜು ಜೋಡಿಸುವ ಕೆಲಸವನ್ನು ಮಕ್ಕಳಿಗೇ ಬಿಡಿ.