ಕಿರಿದಾದ ಜಠರ, ಹಿರಿದಾದ ಎಚ್ಚರ

ಊಟ ಬಲ್ಲವನಿಗೆ ರೋಗವಿಲ್ಲವೆಂಬ ಗಾದೆಯು ಬೊಜ್ಜಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೆ ನಿತ್ಯದ ವ್ರತವಾಗಬೇಕು. 1966ರಲ್ಲಿ ಅಮೆರಿಕದ ಅಯೋವಾದಲ್ಲಿ ಡಾ. ಎಡ್ವರ್ಡ್ ಮೇಸನ್ ಆರಂಭಿಸಿದ ‘ಗ್ಯಾಸ್ಟ್ರಿಕ್ ಬೈಪಾಸ್’ ಇಂದು ಬೆಂಗಳೂರಿನಲ್ಲಿಯೂ ನಡೆಯುತ್ತಿದೆ. ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರು ಹಿಡಿಸುವ ಪುಟ್ಟ ಚೀಲವನ್ನು ಬೇರ್ಪಡಿಸಿ, ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ.

ಮೊದಲು ದ್ರವಾಹಾರ, ಬಳಿಕ ನುಣ್ಣಗೆ ಅರೆದುದು, ಅನಂತರ ಮೆತ್ತನೆಯದು. ಹಲವು ವಾರಗಳ ಮೇಲೆಯೇ ಗಟ್ಟಿ ಆಹಾರ. ಅನ್ನವೇ ಪ್ರಧಾನವಾದ ನಮ್ಮ ಊಟದ ಕ್ರಮ ಆಗಲೂ ತಲೆಕೆಳಗಾಗಬೇಕು. ದಿನಕ್ಕೆ 60 ಗ್ರಾಮಿನಷ್ಟಾದರೂ ಸಸಾರಜನಕ ಬೇಕಾದುದರಿಂದ ಮೊದಲು ತೊವ್ವೆ, ಮೊಸರು, ಮೊಟ್ಟೆ, ಆಮೇಲೆ ಪಲ್ಯ, ಸ್ಥಳವುಳಿದರೆ ಅನ್ನ. ನೀರನ್ನು ಊಟವಾದ ಅರ್ಧ ಗಂಟೆಯ ಮೇಲೆ ಗುಟುಕುಗುಟುಕಾಗಿ ಕುಡಿಯಬೇಕು. ಪಾಯಸದ ಸಕ್ಕರೆ ಥಟ್ಟನೆ ಕರುಳಿಗಿಳಿದರೆ ಬೆವರು, ಎದೆಬಡಿತ, ತಲೆಸುತ್ತು ಕಾಣಿಸಿಕೊಳ್ಳಬಹುದು.

ಆದರೆ ನಿಜವಾದ ಅಪಾಯವಿರುವುದು, ತೂಕವಿಳಿದು ಎಲ್ಲರೂ ಮೆಚ್ಚುವಾಗ ‘ಇನ್ನೇಕೆ ಮಾತ್ರೆ?’ ಎಂಬ ಉದಾಸೀನದಲ್ಲಿ. ಕಬ್ಬಿಣ, ಕ್ಯಾಲ್ಸಿಯಂ, ಬಿ12 ಜೀವಸತ್ವಗಳನ್ನು ಹೀರುವ ಶಕ್ತಿ ಆ ದೇಹದಲ್ಲಿ ಕುಗ್ಗಿರುತ್ತದೆ. ಯಕೃತ್ತು ಕೂಡಿಟ್ಟ ಬಿ12 ಕರಗಲು ವರ್ಷಗಳೇ ಹಿಡಿಯಬಹುದು. ಕರಗಿದ ಮೇಲೆ ನರಗಳಿಗೆ ತಗಲುವ ಹಾನಿ ಕೆಲವೊಮ್ಮೆ ಮರಳಿ ಸರಿಹೋಗದು. ಆದುದರಿಂದ ಮಾತ್ರೆಯೂ ರಕ್ತಪರೀಕ್ಷೆಯೂ ಜೀವಾವಧಿ ನಡೆಯಬೇಕು. ‘ಇನ್ನೊಂದು ತುತ್ತು’ ಎಂದು ಒತ್ತಾಯಿಸುವ ಬದಲು ‘ಮಾತ್ರೆಯಾಯಿತೇ?’ ಎಂದು ಮನೆಯವರು ಕೇಳಿದರೆ, ಅದೇ ದೊಡ್ಡ ಉಪಚಾರ.