ಎವರೆಸ್ಟ್‌ಗಿಂತ ಎತ್ತರದ ಪರ್ವತ ಇದೆಯೇ?

ಪ್ರಶ್ನೆ: ಹವಾಯಿಯ ಮೌನಾ ಕೆಯಾ ಪರ್ವತ ಎವರೆಸ್ಟ್‌ಗಿಂತ ಎತ್ತರ ಎಂದು ಓದಿದೆ. ನಿಜವೇ?

ಉತ್ತರ: ಎಲ್ಲಿಂದ ಅಳೆಯುತ್ತೀರಿ ಎನ್ನುವುದರ ಮೇಲಿದೆ. ಸಮುದ್ರಮಟ್ಟದಿಂದ ಅಳೆದರೆ ನೇಪಾಳ–ಟಿಬೆಟ್ ಗಡಿಯ ಎವರೆಸ್ಟೇ ಮೊದಲು. 2020ರಲ್ಲಿ ಪ್ರಕಟವಾದ ಎತ್ತರ 8,848.86 ಮೀಟರ್. ಮೌನಾ ಕೆಯಾ 4,207 ಮೀಟರ್ ಅಷ್ಟೇ. ಆದರೆ ಈ ಜ್ವಾಲಾಮುಖಿಯ ಬುಡ ಪೆಸಿಫಿಕ್ ಸಾಗರದ ತಳದಲ್ಲಿದೆ. ಅಲ್ಲಿಂದ ಅಳೆದರೆ 10,000 ಮೀಟರ್ ದಾಟುತ್ತದೆ! ಅರ್ಧಕ್ಕಿಂತ ಹೆಚ್ಚು ಭಾಗ ನೀರಿನಲ್ಲೇ ಮುಳುಗಿದೆ. ನೆತ್ತಿಯ ಮೇಲೆ ಚಳಿಗಾಲದಲ್ಲಿ ಹಿಮ ಬೀಳುತ್ತದೆ; ಅಲ್ಲೇ ದೊಡ್ಡ ದೊಡ್ಡ ದೂರದರ್ಶಕಗಳಿವೆ.

ಇಷ್ಟು ದೊಡ್ಡ ರಾಶಿ ಸಾಗರದ ನಡುವೆ ಎದ್ದದ್ದು ಹೇಗೆ ಎಂಬುದೇ ನನಗೆ ಎತ್ತರಕ್ಕಿಂತ ಸೋಜಿಗದ ಸಂಗತಿ. ಭೂಮಿಯ ಆಳದಿಂದ ಬಿಸಿ ಶಿಲೆ ಒಂದೇ ಕಡೆ ಉಕ್ಕುತ್ತಿದೆ, ಮೇಲಿನ ಪೆಸಿಫಿಕ್ ಫಲಕ (ಭೂಮಿಯ ಗಟ್ಟಿ ಹೊರಚಿಪ್ಪಿನ ತುಂಡು) ವಾಯವ್ಯಕ್ಕೆ ವರ್ಷಕ್ಕೆ ಕೆಲವು ಸೆಂಟಿಮೀಟರ್ ಸರಿಯುತ್ತಿದೆ. ಹೊಲಿಗೆ ಯಂತ್ರದ ಸೂಜಿ ಇದ್ದಲ್ಲೇ ಇದ್ದು, ಬಟ್ಟೆ ಸರಿದಂತೆ ಹೊಲಿಗೆ ಮೂಡುವ ಹಾಗೆ ದ್ವೀಪಗಳ ಸಾಲು ಬೆಳೆದಿದೆ. ವಾಯವ್ಯದ ಕವಾಯಿ ದ್ವೀಪಕ್ಕೆ ಸುಮಾರು 50 ಲಕ್ಷ ವರ್ಷ. ಮೌನಾ ಕೆಯಾ ಇರುವ ದ್ವೀಪಕ್ಕೆ 10 ಲಕ್ಷವೂ ತುಂಬಿಲ್ಲ. ಪಕ್ಕದ ಮೌನಾ ಲೋವಾ (4,169 ಮೀಟರ್) 2022ರಲ್ಲೂ ಲಾವಾ ಉಗುಳಿತು.

ಲಾವಾ ಕಲ್ಲು ನೋಡಲು ಹವಾಯಿಗೇ ಹೋಗಬೇಕಿಲ್ಲ: ನಮ್ಮ ವಿಜಯಪುರ, ಬೆಳಗಾವಿ ಕಡೆಯ ಕಪ್ಪು ಶಿಲೆಯೂ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾವೇ. ವಿಜಯಪುರದ ಗೋಲಗುಮ್ಮಟವನ್ನು ಕಟ್ಟಿರುವುದು ಅದೇ ಕಲ್ಲಿನಿಂದ.

ಮತ್ತೆ ಎತ್ತರದ ಪ್ರಶ್ನೆಗೆ ಬರೋಣ. ಭೂಕೇಂದ್ರದಿಂದ ಅಳೆದರೆ ಗೆಲ್ಲುವುದು ಎವರೆಸ್ಟೂ ಅಲ್ಲ, ಮೌನಾ ಕೆಯಾವೂ ಅಲ್ಲ, ಈಕ್ವೆಡಾರಿನ ಚಿಂಬೊರಾಜೊ. ಸಮುದ್ರಮಟ್ಟದಿಂದ ಅದರ ಎತ್ತರ ಸುಮಾರು 6,263 ಮೀಟರ್ ಆದರೂ, ಭೂಮಿ ಸಮಭಾಜಕದ ಬಳಿ ಉಬ್ಬಿರುವುದರಿಂದ ಅದರ ತುದಿ ಎವರೆಸ್ಟ್‌ಗಿಂತ ಸುಮಾರು 2 ಕಿಲೋಮೀಟರ್ ಹೆಚ್ಚು ದೂರದಲ್ಲಿದೆ.