ಹೃದಯದ ಚಿತ್ರದಲ್ಲಿ ಕಂಡ ಕತ್ತಲೆ

ಕಳೆದ ಮಾಘಮಾಸದಲ್ಲಿ ನಮ್ಮ ಅಣ್ಣನವರ ಹೃದಯಪರೀಕ್ಷೆಗಾಗಿ ಅವರೊಡನೆ ನಾವೂ ಆಸ್ಪತ್ರೆಗೆ ಹೋಗಬೇಕಾಯಿತು. ಟೆಕ್ನಿಷಿಯಂ ಎಂಬ ವಿಕಿರಣಶೀಲ ಧಾತುವಿನಿಂದ ಕೂಡಿದ ಔಷಧವನ್ನು ಅವರ ತೋಳಿನ ರಕ್ತನಾಳಕ್ಕೆ ಚುಚ್ಚಿ, ಅಂಗಾತ ಮಲಗಿಸಿ, ಗಾಮಾ ಕ್ಯಾಮೆರವನ್ನು ಎದೆಯ ಸುತ್ತ ತಿರುಗಿಸಿದರು. ಚಿತ್ರದಲ್ಲಿ ಹೃದಯದ ಕೆಳಭಿತ್ತಿಯು ಕಪ್ಪಾಗಿದ್ದಿತು. ರಕ್ತ ಹರಿಯದ ಭಾಗವು ಹಾಗೆ ತೋರುವುದೆಂದು ಕೇಳಿದ್ದ ನಮಗೆ ಎದೆ ಧಸಕ್ಕೆಂದಿತು. ಅತ್ತಿಗೆಯವರು ಮಾತನ್ನೇ ನಿಲ್ಲಿಸಿದರು. ವೈದ್ಯರು ಮಾತ್ರ, "ರಾಯರೇ, ಈಗ ಬೋರಲಾಗಿ ಮಲಗಿರಿ, ಇನ್ನೊಮ್ಮೆ ನೋಡೋಣ" ಎಂದರು.

ಬೋರಲು ಮಲಗಿದರೆ ರೋಗ ಹೋದೀತೆ? ನಾವು ಕೇಳಿಯೇಬಿಟ್ಟೆವು. ಆ ಮಹನೀಯರು ಬೇಸರಿಸದೆ ವಿವರಿಸಿದುದರ ಸಾರವಿದು.

ಹೃದಯದ ಸ್ನಾಯುವನ್ನು ಸೇರಿದ ಔಷಧವು ಗಾಮಾ ಕಿರಣಗಳನ್ನು ಹೊರಸೂಸುವುದು. ಕ್ಯಾಮೆರವು ತನ್ನ ಬಳಿಗೆ ಬಂದ ಕಿರಣಗಳನ್ನು ಎಣಿಸಬಲ್ಲುದೇ ಹೊರತು, ದಾರಿಯಲ್ಲಿ ಅಳಿದವನ್ನು ಅರಿಯದು. ಸುಮಾರು ನಾಲ್ಕೂವರೆ ಸೆಂಟಿಮೀಟರ್ ಮಾಂಸವನ್ನು ದಾಟುವಷ್ಟರಲ್ಲಿ ಅರ್ಧದಷ್ಟು ಕಿರಣಗಳು ತಡೆಹೊಂದುವುವು. ಒಂಬತ್ತು ದಾಟಿದರೆ ಉಳಿಯುವುದು ಕಾಲುಭಾಗ. ಎದೆಗೂ ಹೊಟ್ಟೆಗೂ ನಡುವಣ ಪರದೆಯಾದ ವಪೆಯು ಅಂಗಾತ ಮಲಗಿದವರಲ್ಲಿ ಮೇಲೆದ್ದು ಹೃದಯದ ಕೆಳಭಿತ್ತಿಯನ್ನು ಮರೆಮಾಡುವುದು. ಪುರುಷರಲ್ಲಿ ಇದು ಹೆಚ್ಚು. ಸ್ತ್ರೀಯರಲ್ಲಿ ಸ್ತನವು ಮುಂಭಿತ್ತಿಗೆ ಹೀಗೆಯೇ ಅಡ್ಡಬರುವುದುಂಟು. ಬೋರಲು ಮಲಗಿದಾಗ ಹೃದಯವೂ ವಪೆಯೂ ತಮ್ಮ ನೆಲೆಯಿಂದ ಸರಿಯುವುವು. ಆಗಲೂ ಕತ್ತಲೆ ಉಳಿದರೆ ಅದು ನಿಜವಾಗಿರುವ ಸಂಭವ ಹೆಚ್ಚು.

ಇದನ್ನು ಕೇಳುತ್ತ ನಮಗೆ ಮೀಮಾಂಸಕರ ನೆನಪಾಯಿತು. ಕಾಣದಿರುವುದರಿಂದಲೇ ವಸ್ತುವಿಲ್ಲವೆನ್ನಲಾಗದು; ಇದ್ದಿದ್ದರೆ ಕಾಣುತ್ತಿತ್ತೆಂಬ ಯೋಗ್ಯತೆಯೂ ಇರಬೇಕು. ಕತ್ತಲ ಕೋಣೆಯಲ್ಲಿ ಗಡಿಗೆ ಕಾಣದಿದ್ದರೆ ಗಡಿಗೆಯಿಲ್ಲವೆಂದು ಸಿದ್ಧವಾಗದಷ್ಟೆ.

ಮಲಗುವ ಭಂಗಿಯನ್ನು ಬದಲಿಸುವುದು ಸುಲಭವಾದ ಉಪಾಯ. ಇನ್ನೊಂದು ಗಣಿತದ ಉಪಾಯ: ಸಿ.ಟಿ. ಯಂತ್ರದಿಂದ ಎದೆಯ ಒಂದೊಂದು ಭಾಗದ ಸಾಂದ್ರತೆಯನ್ನೂ ಅಳೆದು, ಎಲ್ಲೆಲ್ಲಿ ಎಷ್ಟೆಷ್ಟು ಕಿರಣ ನಷ್ಟವಾಯಿತೆಂದು ಗಣಿಸಿ ಚಿತ್ರಕ್ಕೆ ತುಂಬಿಕೊಡುವರು. ಕೆಲವು ಕಿರಣಗಳು ಅಳಿಯದೆ ದಾರಿತಪ್ಪಿ ಬರುವುವು. ಅವು ಇಲ್ಲದ ಕಡೆ ಬೆಳಕನ್ನು ತೋರಿ ವಂಚಿಸುವುವು. ಟೆಕ್ನಿಷಿಯಂ ಕಿರಣದ ಶಕ್ತಿಯು 140 ಕಿಲೋ ಎಲೆಕ್ಟ್ರಾನ್ ವೋಲ್ಟ್. ದಾರಿತಪ್ಪಿದುದು ಅದರಲ್ಲಿಷ್ಟನ್ನು ಕಳೆದುಕೊಂಡಿರುವುದು. ಆದಕಾರಣ ಆ ಮಟ್ಟದ ಇಕ್ಕೆಲದಲ್ಲಿಯೂ ಕಿರಿದಾದ ಪಟ್ಟಿಗಳಲ್ಲಿ ಎಣಿಸಿ, ಒಳಹೊಕ್ಕ ಕಳ್ಳಕಿರಣಗಳೆಷ್ಟೆಂದು ಊಹಿಸಿ ಕಳೆಯುವ ಕ್ರಮವನ್ನು ಜಪಾನಿನ ಒಗಾವ ಮತ್ತು ಸಂಗಡಿಗರು 1991ರಲ್ಲಿ ಪ್ರಕಟಿಸಿದರು.

ತಿದ್ದುವ ಕೈಯೂ ತಪ್ಪಬಹುದು. ಸಿ.ಟಿ. ಚಿತ್ರವು ಕ್ಷಣಗಳಲ್ಲಿ ಮುಗಿಯುವುದು. ಹೃದಯದ ಚಿತ್ರಕ್ಕೆ ಹಲವು ನಿಮಿಷ ಬೇಕು. ಈ ನಡುವೆ ರೋಗಿಯು ಕದಲಿದರೆ, ಅಥವಾ ಉಸಿರಿನ ಏರಿಳಿತದಿಂದ ಎರಡು ಚಿತ್ರಗಳೂ ಹೊಂದದಿದ್ದರೆ, ಹೃದಯದ ಭಿತ್ತಿಗೆ ಶ್ವಾಸಕೋಶದ ತೆಳುವಾದ ಲೆಕ್ಕ ಬಿದ್ದು, ಇಲ್ಲದ ಕತ್ತಲೆಯೊಂದು ಹುಟ್ಟುವುದು! ಆದುದರಿಂದ ಎಚ್ಚರಿಕೆಯುಳ್ಳ ವೈದ್ಯರು ತಿದ್ದಿದ ಚಿತ್ರವನ್ನೂ ತಿದ್ದದ ಚಿತ್ರವನ್ನೂ ಜೊತೆಗಿಟ್ಟು ನೋಡುವರು. ಪರೀಕ್ಷೆಗೆ ಹೋಗುವ ಗೃಹಸ್ಥರು ಅಲುಗದೆ, ಸಹಜವಾಗಿ ಉಸಿರಾಡುತ್ತ ಮಲಗಿರಬೇಕೆಂಬುದಕ್ಕೆ ಕಾರಣವೂ ಇದೇ. ನಮ್ಮ ಅಣ್ಣನವರಿಗೆ ನಡುವೆ ಕೆಮ್ಮು ಬಂದಾಗ ನಾವು ಗಾಜಿನಾಚೆ ನಿಂತು ಪಟ್ಟ ಪಾಡು ಹೇಳತೀರದು.

ಬೋರಲು ಮಲಗಿಸಿ ತೆಗೆದ ಚಿತ್ರದಲ್ಲಿ ಕೆಳಭಿತ್ತಿಯು ಉಳಿದ ಭಾಗದಂತೆಯೇ ಬೆಳಗುತ್ತಿದ್ದಿತು. ಸಿ.ಟಿ.ಯಿಂದ ತಿದ್ದಿದ ಚಿತ್ರವೂ ಅದನ್ನೇ ಹೇಳಿತು. ರಕ್ತನಾಳಕ್ಕೆ ನಳಿಗೆ ತೂರಿಸಿ ನೋಡುವ ಪರೀಕ್ಷೆ ಸದ್ಯಕ್ಕೆ ಬೇಡವೆಂದು ವೈದ್ಯರು ತಿಳಿಸಿದರು. ಅಲ್ಲಿಯವರೆಗೆ ಮೌನವಾಗಿದ್ದ ಅತ್ತಿಗೆಯವರು, "ಬೆಳಗ್ಗಿನಿಂದ ಬರಿಯ ಹೊಟ್ಟೆ, ಮೊದಲು ಮನೆಗೆ ನಡೆಯಿರಿ" ಎಂದು ಅಣ್ಣನವರ ಅಂಗವಸ್ತ್ರವನ್ನು ಕೈಗೆತ್ತಿಕೊಂಡರು.